ಎರಡು ಅಳತೆಗಳ ನಡುವಣ ಮದ್ಯಸಾರ

ಚೆಕ್ ನಾಡಿನ ಪಾನಗೃಹಗಳಲ್ಲಿ ಬಿಯರನ್ನು ‘ಹತ್ತು’, ‘ಹನ್ನೆರಡು’ ಎಂಬ ಸಂಖ್ಯೆಗಳಿಂದ ಕರೆಯುವ ವಾಡಿಕೆಯಿದೆ. ‘ಹನ್ನೆರಡು’ ಎಂದರೆ ಶೇಕಡಾ 12ರಷ್ಟು ಮದ್ಯಸಾರವುಳ್ಳದ್ದೆಂದು ಹೊರಗಿನವರು ತಿಳಿಯುವುದುಂಟು. ವಾಸ್ತವದಲ್ಲಿ ಅದರ ಮದ್ಯಸಾರ ಶೇಕಡಾ 5ರ ಆಸುಪಾಸಿನಲ್ಲಿರುತ್ತದೆ. ಹುದುಗುವ ಮುನ್ನ ಮಾಲ್ಟಿನ ಸಿಹಿರಸದಲ್ಲಿ ತೂಕದ ಲೆಕ್ಕದಲ್ಲಿ ಎಷ್ಟು ಘನಾಂಶ ಕರಗಿತ್ತೆಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಪ್ರಾಗಿನ ರಸಾಯನಶಾಸ್ತ್ರಜ್ಞ ಕಾರ್ಲ್ ಬಾಲಿಂಗ್ 19ನೆಯ ಶತಮಾನದಲ್ಲಿ ರೂಪಿಸಿ, ಮುಂದೆ ಜರ್ಮನಿಯ ಫ್ರಿಟ್ಸ್ ಪ್ಲಾಟೊ ಪರಿಷ್ಕರಿಸಿದ ಮಾನದ ಸಂಖ್ಯೆಯಿದು. ಈ ತಪ್ಪು ಗ್ರಹಿಕೆಯ ಬುಡದಲ್ಲಿ ಒಂದು ಸ್ವಾರಸ್ಯವಿದೆ. ಮನೆಯಲ್ಲಿ ಬಿಯರ್ ತಯಾರಿಸುವವರು ಮದ್ಯಸಾರವನ್ನು ನೇರವಾಗಿ ಅಳೆಯುವುದೇ ಇಲ್ಲ. ಇಲ್ಲವಾದ ಸಕ್ಕರೆಯನ್ನು ಅಳೆದು ಹುಟ್ಟಿದ ಮದ್ಯಸಾರವನ್ನು ನಿರ್ಣಯಿಸುತ್ತಾರೆ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷವಲ್ಲ, ಅನುಮಾನ.

ಸಾಧನ ಸರಳವಾದುದು. ಬುಡದಲ್ಲಿ ಭಾರವಿರುವ, ಮೇಲೆ ತೆಳುವಾದ ಕೊಳವೆಯುಳ್ಳ ಗಾಜಿನ ತೇಲುಕಡ್ಡಿಯೇ ಹೈಡ್ರೋಮೀಟರ್. ಶುದ್ಧ ನೀರಿನಲ್ಲಿ ಅದು 1.000 ಎಂಬ ಗೆರೆಯವರೆಗೆ ಮುಳುಗುತ್ತದೆ. ಸಕ್ಕರೆ ಕರಗಿದ ದಟ್ಟವಾದ ರಸದಲ್ಲಿ ಮೇಲೆದ್ದು ನಿಲ್ಲುತ್ತದೆ. ಮೇಲೆ ಹೇಳಿದ ‘ಹನ್ನೆರಡು’ ಈ ಮಾನದಲ್ಲಿ ಸುಮಾರು 1.048 ಆಗುತ್ತದೆ. ತಯಾರಕರ ಆಡುಮಾತಿನಲ್ಲಿ ಅದು ಬರಿಯ 48 ಅಂಶ. ಯೀಸ್ಟು ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ತೂಕದಲ್ಲಿ ಹೆಚ್ಚುಕಡಿಮೆ ಸಮಪಾಲಾಗಿ ಉತ್ಪಾದಿಸುತ್ತದೆ. ಅನಿಲ ಹೊರಹೋಗುತ್ತದೆ, ದ್ರವ ಹಗುರಾಗುತ್ತದೆ. (ಯೀಸ್ಟಿಗೆ ಕನ್ನಡದಲ್ಲಿ ಒಂದೇ ಪದ ನೆಲೆನಿಂತಿಲ್ಲ. ಅರ್ಥಶಾಸ್ತ್ರದಲ್ಲಿ ಸುರೆಯ ಹುದುಗಿಗೆ ಬಳಕೆಯಾದ ‘ಕಿಣ್ವ’ ಎಂಬ ಪದವನ್ನು ಇಂದಿನ ಪಠ್ಯಪುಸ್ತಕಗಳು ಎಂಜೈಮಿಗೆ ಕೊಟ್ಟುಬಿಟ್ಟಿವೆ.) ಹುದುಗು ನಿಂತ ಮೇಲೆ ಕಡ್ಡಿ 1.010 ತೋರಿಸಿತೆನ್ನೋಣ. ಎರಡು ಅಳತೆಗಳ ವ್ಯತ್ಯಾಸವಾದ 0.038ನ್ನು 131.25ರಿಂದ ಗುಣಿಸಿದರೆ ಗಾತ್ರಪ್ರಮಾಣದಲ್ಲಿ ಮದ್ಯಸಾರ ಶೇಕಡಾ 5 ಎಂದು ಸಿಗುತ್ತದೆ. ಎರಡನೆಯ ಅಳತೆ ತಗ್ಗುವುದು ಸಕ್ಕರೆ ಕರಗಿಹೋದುದರಿಂದ ಮಾತ್ರವಲ್ಲ, ನೀರಿಗಿಂತ ಹಗುರಾದ ಮದ್ಯಸಾರ ಬಂದು ಸೇರಿದುದರಿಂದಲೂ ಹೌದು. 131.25 ಎಂಬ ಗುಣಕ ಈ ಎರಡೂ ಪರಿಣಾಮಗಳನ್ನು ಒಳಗೊಂಡ ಸ್ಥೂಲ ಲೆಕ್ಕ. ಸಾಧಾರಣ ಬಿಯರಿಗೆ ಅದು ಸಾಕು. ತೀರ ಕಡುವಾದವುಗಳಲ್ಲಿ ತುಸು ಕಡಿಮೆ ತೋರಿಸುತ್ತದೆ.

ತಪ್ಪುಗಳು ನುಸುಳುವುದು ಸೂತ್ರದಲ್ಲಿ ಕಡಿಮೆ, ಕೈಚಳಕದಲ್ಲಿ ಹೆಚ್ಚು. ಇಂದಿನ ಕಡ್ಡಿಗಳಲ್ಲಿ ಹೆಚ್ಚಿನವು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದವು. ರಸ 30 ಡಿಗ್ರಿಯಲ್ಲಿದ್ದರೆ ಎರಡರಿಂದ ಮೂರು ಅಂಶ ಕಡಿಮೆ ತೋರುತ್ತದೆ. ಅನಿಲದ ಗುಳ್ಳೆಗಳು ಕಡ್ಡಿಗೆ ಅಂಟಿ ಅದನ್ನು ಮೇಲೆತ್ತಿದರೆ ಅಂತಿಮ ಅಳತೆ ಹೆಚ್ಚಾಗಿ, ಮದ್ಯಸಾರ ಇರುವುದಕ್ಕಿಂತ ಕಡಿಮೆಯೆಂಬ ಭ್ರಮೆ ಹುಟ್ಟುತ್ತದೆ. ಬೆಳಕಿನ ಬಾಗುವಿಕೆಯಿಂದ ಸಕ್ಕರೆಯನ್ನು ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಒಂದೆರಡು ಹನಿ ಸಾಕಾಗುವುದರಿಂದ ಅದು ಅನೇಕರಿಗೆ ಪ್ರಿಯ. ಆದರೆ ಮದ್ಯಸಾರವೂ ಬೆಳಕನ್ನು ಬಾಗಿಸುವುದರಿಂದ, ಹುದುಗಿದ ಮೇಲೆ ಅದು ತೋರುವ ಸಂಖ್ಯೆಯನ್ನು ತಿದ್ದುಪಡಿಯಿಲ್ಲದೆ ನಂಬುವಂತಿಲ್ಲ.

ಈ ಕಡ್ಡಿ ಬಿಯರಿನ ಲೋಕಕ್ಕೆ ಬಂದುದು ವ್ಯಾಪಾರದ ಲೆಕ್ಕಾಚಾರದಿಂದ. ಇಂಗ್ಲೆಂಡಿನ ಹಲ್ ಪಟ್ಟಣದ ಜಾನ್ ರಿಚರ್ಡ್‌ಸನ್ 1784ರಲ್ಲಿ ಅದರ ಬಳಕೆಯನ್ನು ಕುರಿತು ಬರೆದ ತರುವಾಯ, ಅಗ್ಗವೆಂದು ಕೊಳ್ಳುತ್ತಿದ್ದ ಕಂದು ಮಾಲ್ಟು ಸಕ್ಕರೆಯ ಇಳುವರಿಯಲ್ಲಿ ತಿಳಿಬಣ್ಣದ ಮಾಲ್ಟಿಗಿಂತ ಹಿಂದೆಂಬುದು ಬಯಲಾಯಿತು. 1880ರಲ್ಲಿ ಬ್ರಿಟಿಷ್ ಸರ್ಕಾರ ತೆರಿಗೆಯನ್ನು ಮಾಲ್ಟಿನ ಮೇಲಿನಿಂದ ತೆಗೆದು ರಸದ ಆರಂಭಿಕ ಸಾಂದ್ರತೆಯ ಮೇಲೆ ಹೇರಿತು. ಮದ್ಯಸಾರದ ಪ್ರಮಾಣವನ್ನೇ ಆಧಾರವಾಗಿಸಿಕೊಂಡುದು 1993ರಲ್ಲಿ. ಮನೆಯಲ್ಲಿ ಬಿಯರ್ ತಯಾರಿಸಲು ಅಲ್ಲಿ ಪರವಾನಗಿ ಬೇಕಿತ್ತು. 1963ರಲ್ಲಿ ಅದು ರದ್ದಾದ ಬಳಿಕವೇ ತೇಲುಕಡ್ಡಿ ಅಡುಗೆಮನೆಗಳನ್ನು ಸೇರಿತು.

ಪ್ರಮಾಣವನ್ನು ಹೊಂದಿಸುವ ಕೆಲಸ ಹುದುಗಿಗೆ ಮುಂಚೆಯೇ ಮುಗಿಯಬೇಕಾದುದು. ಅದರ ಲೆಕ್ಕಕ್ಕೆ ಅಂಶಗಳನ್ನು ಲೀಟರುಗಳಿಂದ ಗುಣಿಸಿದ ಮೊತ್ತವೇ ಆಧಾರ. ನೀರು ಸೇರಿದರೂ ಆವಿಯಾದರೂ ಆ ಮೊತ್ತ ಬದಲಾಗದು. 48 ಅಂಶ ಬೇಕಿದ್ದಲ್ಲಿ 20 ಲೀಟರ್ ರಸ 40 ಅಂಶ ತೋರಿಸಿತೆಂದರೆ ಕೈಯಲ್ಲಿರುವುದು 800, ಬೇಕಾದುದು 960. ಕೊರತೆಯಾದ 160ನ್ನು ತುಂಬಲು ಎರಡು ದಾರಿಗಳಿವೆ. ಒಂದು, ರಸವನ್ನು 16.7 ಲೀಟರಿಗೆ ಬತ್ತಿಸುವುದು. ಇನ್ನೊಂದು, ಸಕ್ಕರೆ ಬೆರೆಸುವುದು. ಒಂದು ಕಿಲೋ ಸಕ್ಕರೆ ಸುಮಾರು 384ರಷ್ಟನ್ನು ಕೊಡುವುದರಿಂದ ಇಲ್ಲಿ 420 ಗ್ರಾಂ ಸಾಕು. ಸಕ್ಕರೆ ಪೂರ್ತಿ ಹುದುಗುವುದರಿಂದ ಮದ್ಯಸಾರ ಏರುತ್ತದೆ, ಪಾನೀಯ ಮಾತ್ರ ತೆಳುವಾಗುತ್ತದೆ. ರುಚಿಬಲ್ಲವರು ಬತ್ತಿಸುವ ದಾರಿಯನ್ನೇ ಹಿಡಿಯುವುದು ಇದಕ್ಕಾಗಿ. ರಸ ಹೆಚ್ಚು ದಟ್ಟವಾಗಿದ್ದರೆ, ಉದಾಹರಣೆಗೆ 18 ಲೀಟರ್ 56 ಅಂಶದಲ್ಲಿದ್ದರೆ, ಕುದಿಸಿ ಆರಿಸಿದ 3 ಲೀಟರ್ ನೀರು ಅದನ್ನು ಸರಿದೂಗಿಸುತ್ತದೆ. ಹುದುಗಿದ ಬಿಯರಿಗೆ ನೀರು ಬೆರೆಸಿ ತಗ್ಗಿಸುವುದು ದೊಡ್ಡ ಕಾರ್ಖಾನೆಗಳ ಪದ್ಧತಿ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತೆಗೆಯುವ ಸೌಕರ್ಯ ಅವರಿಗಿದೆ, ಅಡುಗೆಮನೆಯಲ್ಲಿಲ್ಲ. ಇದಕ್ಕೂ ಹಿಂದಿನ ಹಂತದಲ್ಲಿ, ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವಾಗಲೇ ಇನ್ನೊಂದು ಹಿಡಿತವಿದೆ. ನೀರು 62ರಿಂದ 65 ಡಿಗ್ರಿಯಲ್ಲಿದ್ದರೆ ಯೀಸ್ಟು ತಿನ್ನಬಲ್ಲ ಸಕ್ಕರೆ ಹೆಚ್ಚು, 70ರ ಸಮೀಪದಲ್ಲಿದ್ದರೆ ಕಡಿಮೆ. ಆರಂಭಿಕ ಸಾಂದ್ರತೆ ಒಂದೇ ಆಗಿರುವ ಎರಡು ರಸಗಳು ಬೇರೆ ಬೇರೆ ಕಡುಪಿನ ಬಿಯರುಗಳಾಗುವುದು ಹೀಗೆ.

ಅಂತಿಮ ಅಳತೆಯನ್ನು ಅವಸರದಲ್ಲಿ ತೆಗೆದುಕೊಂಡರೆ ಲೆಕ್ಕ ತಪ್ಪುವುದಷ್ಟೇ ಅಲ್ಲ, ಅಪಾಯವೂ ಉಂಟು. 1.014ರಲ್ಲಿ ಬಾಟಲಿಗೆ ತುಂಬಿದ ಬಿಯರು ಮುಚ್ಚಳದೊಳಗೆ 1.010ಕ್ಕೆ ಇಳಿದರೆ ಲೀಟರಿಗೆ ಸುಮಾರು 4 ಗ್ರಾಂ ಅನಿಲ ಹೆಚ್ಚಾಗಿ ಹುಟ್ಟುತ್ತದೆ. ನೊರೆಗಾಗಿ ಬೆರೆಸಿದ ಸಕ್ಕರೆಯ ಅನಿಲವೂ ಅದಕ್ಕೆ ಸೇರಿದಾಗ ಗಾಜು ಸಿಡಿಯಬಹುದು. ಮೂರು ದಿನ ಒಂದೇ ಅಳತೆ ಬರುವ ತನಕ ಮುಚ್ಚಳ ಹಾಕಬಾರದೆಂಬ ನಿಯಮ ಹುಟ್ಟಿದುದು ಇದರಿಂದ.

ಮೊದಲ ಅಳತೆಯನ್ನು ಬರೆದಿಡಲು ಮರೆತವರ ಗತಿ? ಒಂದು ಉಪಾಯವಿದೆ. ಅನಿಲ ತೆಗೆದ 200 ಮಿಲಿಲೀಟರ್ ಬಿಯರನ್ನು ಅಳೆದು, ಅರ್ಧಕ್ಕೆ ಬತ್ತಿಸಿ, ಆರಿಸಿ, ನೀರು ಬೆರೆಸಿ ಮತ್ತೆ ಸರಿಯಾಗಿ 200 ಮಿಲಿಲೀಟರಿಗೆ ತಂದು ಪುನಃ ಅಳೆಯಬೇಕು. ಮೊದಲು 1.010 ಇದ್ದುದು ಈಗ 1.017 ಆದರೆ, ಆ 7 ಅಂಶಗಳ ಅಂತರಕ್ಕೆ ಕಾರಣ ಹಾರಿಹೋದ ಮದ್ಯಸಾರ. ಕೋಷ್ಟಕದಲ್ಲಿ ಅದು ಶೇಕಡಾ 5ರ ಹತ್ತಿರ. ತತ್ತ್ವ ನಿರ್ದುಷ್ಟವಾದುದು, ಆದರೆ ಅಂತರ ಕಿರಿದು. ಎರಡು ಅಳತೆಗಳ ವಾಡಿಕೆಯ ಕ್ರಮದಲ್ಲಿ ಒಂದು ಅಂಶ ತಪ್ಪಿದರೆ ಫಲಿತಾಂಶ ಶೇಕಡಾ 0.13ರಷ್ಟು ಕದಲುತ್ತದೆ, ಇಲ್ಲಿ ಅದೇ ತಪ್ಪಿಗೆ 0.7ರಷ್ಟು. ತೆರಿಗೆಯ ಸಲುವಾಗಿ ಸಿದ್ಧ ಬಿಯರಿನಿಂದ ಆರಂಭಿಕ ಸಾಂದ್ರತೆಯನ್ನು ಹಿಂದಕ್ಕೆ ಲೆಕ್ಕ ಹಾಕುವ ಕೋಷ್ಟಕಗಳನ್ನು 1852ರಲ್ಲಿ ಗ್ರಹಾಂ, ಹಾಫ್‌ಮನ್, ರೆಡ್‌ವುಡ್ ಎಂಬ ಮೂವರು ರಸಾಯನಜ್ಞರು ಸಿದ್ಧಪಡಿಸಿದಾಗ ಭಟ್ಟಿಯಿಳಿಸುವ ಮಾರ್ಗವನ್ನೂ ಆಶ್ರಯಿಸಿದುದು ಸಹಜವೇ.

ಇದೇ ಪ್ರಶ್ನೆ ಕಾಸರಗೋಡಿನಲ್ಲಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಮದ್ಯದ ನಿಯಂತ್ರಣ ರಾಜ್ಯಗಳ ಅಧಿಕಾರಕ್ಕೆ ಸೇರಿದುದರಿಂದ ಗಡಿ ದಾಟಿದೊಡನೆ ಕಾನೂನು ಬದಲಾಗುತ್ತದೆ. ಕೇರಳದ ಅಬಕಾರಿ ನಿಯಮಗಳು ತೆಂಗಿನ ಕಳ್ಳಿಗೆ ಮದ್ಯಸಾರದ ಮಿತಿಯನ್ನು ನಿಗದಿಪಡಿಸಿವೆ. ಬಿಯರ್ ತಯಾರಿಸುವವನು ಯೀಸ್ಟು ಹಾಕುವ ಗಳಿಗೆಯನ್ನು ತಾನೇ ಆರಿಸಿಕೊಳ್ಳುತ್ತಾನೆ. ಮೂರ್ತೆಯವನಿಗೆ ಆ ಸ್ವಾತಂತ್ರ್ಯವಿಲ್ಲ. ಸುಣ್ಣ ಬಳಿಯದ ಮಡಕೆಯಲ್ಲಿ ಮರದ ಮೇಲೆಯೇ, ಹನಿ ಬಿದ್ದಂತೆ ಹುದುಗು ಆರಂಭವಾಗುತ್ತದೆ. ಹೊಸ ಹನಿಯೂ ಹಳೆಯ ಹನಿಯೂ ಒಂದೇ ಮಡಕೆಯಲ್ಲಿರುವಾಗ ಆರಂಭಿಕ ಸಾಂದ್ರತೆ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಎರಡು ಅಳತೆಗಳ ಕ್ರಮ ಇಲ್ಲಿ ನಿರುಪಯೋಗಿ. ಉಳಿಯುವುದು ಬತ್ತಿಸುವ ಅಥವಾ ಭಟ್ಟಿಯಿಳಿಸುವ ಮಾರ್ಗ. ಅದು ಹೇಳುವುದೂ ಪರೀಕ್ಷಿಸಿದ ಕ್ಷಣದ ಸ್ಥಿತಿಯನ್ನು ಮಾತ್ರ. ಶೀಸೆಗೆ ತುಂಬಿದ ಮಾದರಿಯಲ್ಲಿ ಸಕ್ಕರೆ ಉಳಿದಿದ್ದರೆ ದಾರಿಯಲ್ಲಿಯೇ ಮದ್ಯಸಾರ ಏರುತ್ತದೆ. ತಡವಾದರೆ, ಗಾಳಿ ತಗುಲಿದಲ್ಲಿ ಹುಳಿಯಾಗಿ ಇಳಿಯುತ್ತದೆ. ಆದುದರಿಂದ ಮಿತಿ ಮೀರಿತೆಂಬ ತೀರ್ಮಾನಕ್ಕೆ ಬರುವ ಮುನ್ನ ಪ್ರಯೋಗಾಲಯದ ಸಂಖ್ಯೆಯ ಪಕ್ಕದಲ್ಲಿ, ಮಾದರಿ ಸಂಗ್ರಹಿಸಿದ ಹೊತ್ತು, ಪರೀಕ್ಷಿಸಿದ ಹೊತ್ತು, ನಡುವೆ ಅದನ್ನು ತಂಪಿನಲ್ಲಿರಿಸಲಾಗಿತ್ತೇ ಎಂಬ ವಿವರ, ಇವು ಮೂರೂ ಇರಬೇಕಾಗುತ್ತದೆ.