ದಂಡಿನಲ್ಲಿ ಸಂಸಾರ

ಮಾಯಸಂದ್ರದ ಸುತ್ತುಮುತ್ತಲಿನ ತೆಂಗಿನ ಸೀಮೆಯಲ್ಲಿ ಮನೆ ಕಟ್ಟಿಸುವ ಗೃಹಸ್ಥನು ನಡುಮನೆಯ ವಿಚಾರಕ್ಕಿಂತಲೂ ಮೊದಲು ಅಟ್ಟದ ಲೆಕ್ಕವನ್ನು ಹಾಕುವನು. ಮರದಿಂದಿಳಿದ ಕಾಯಿಯು ಆ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಅಲುಗದೆ ಕುಳಿತು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗತಕ್ಕದ್ದು. ಮೊಮ್ಮಗನು ಹುಟ್ಟಿದ ವರ್ಷ ನೆಟ್ಟ ಸಸಿಯು ಆ ಮೊಮ್ಮಗನ ಮಕ್ಕಳಿಗೂ ಫಲ ಕೊಡುವುದು. ಇಂತಹ ನೆಲದಲ್ಲಿ ಹುಟ್ಟಿ ಬೆಳೆದವರಿಗೆ, ಮೂರು ವರ್ಷ ವಾಸಮಾಡಿ, ನಲ್ಲಿ ಬಲ್ಬುಗಳನ್ನು ಎಣಿಸಿಕೊಟ್ಟು ಸರಕಾರಕ್ಕೆ ಹಿಂದಿರುಗಿಸಬೇಕಾದ ಮನೆಯು ಮನೆಯೆಂದೇ ತೋರುವುದಿಲ್ಲ. ನಮಗೂ ಬಹುಕಾಲ ಹಾಗೆಯೇ ತೋರಿತ್ತು. ಆ ಅಭಿಪ್ರಾಯದಿಂದ ಒಂದು ಸಂಸಾರಕ್ಕೆ ನಾವು ಕೊಟ್ಟ ಬುದ್ಧಿವಾದವು ಹೇಗೆ ಕೆಟ್ಟಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯಹೊರಟಿದ್ದೇವೆ.

ನಮ್ಮಲ್ಲಿ ಓದಿದ ಹುಡುಗನೊಬ್ಬನು ಸೈನ್ಯಕ್ಕೆ ಸೇರಿ, ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಮದರಾಸು ಎಂಜಿನಿಯರುಗಳ ದಳದಲ್ಲಿ ಸಿಪಾಯಿಯಾದನು. ಮದುವೆಯಾಗಿ ಒಂದು ಗಂಡು ಮಗುವಾದ ಮೇಲೆ, ಬಹಳ ದಿನ ಸರದಿ ಕಾದು, ಅವನಿಗೆ ಬೆಂಗಳೂರಿನಲ್ಲಿ ಸಂಸಾರದ ಮನೆ ಮಂಜೂರಾಯಿತು. ಅವನ ತಂದೆ ಗೌಡರು ನಮ್ಮ ಜಗಲಿಗೆ ಬಂದು, "ಮೇಷ್ಟ್ರೇ, ಸೊಸೇನ ಕಳಿಸೋದೋ ಬೇಡವೋ, ನೀವು ಹೇಳಿದಂಗೆ" ಎಂದರು. ಮೂರು ವರ್ಷದ ಮನೆಗಾಗಿ ಮೂರು ತಲೆಯ ಮನೆಯನ್ನು ಬಿಟ್ಟು ಹೋಗುವುದು ಉಚಿತವಲ್ಲವೆಂದೂ, ಮಗುವಿಗೆ ತೋಟದ ಗಾಳಿ, ಅಜ್ಜಿಯ ಮಡಿಲು, ಕನ್ನಡದ ಓದು ಇವು ದಂಡಿನಲ್ಲಿ ದೊರೆಯಲಾರವೆಂದೂ ನಾವು ಸಂಸ್ಕೃತದ ಮಾತುಗಳನ್ನೆಲ್ಲ ಸೇರಿಸಿ ಹೇಳಿಕಳುಹಿಸಿದೆವು. ಹುಡುಗನು ಸರದಿಯ ಮನೆಯನ್ನು ಬಿಟ್ಟುಕೊಟ್ಟನು. ಮರುವರ್ಷವೇ ಅವನಿಗೆ ಗಡಿಯ ಕಡೆಗೆ ವರ್ಗವಾಯಿತು. ಅಲ್ಲಿಗೆ ಸಂಸಾರವನ್ನು ಕರೆದೊಯ್ಯುವಂತಿಲ್ಲ. ವರ್ಷಕ್ಕೆ ಎರಡು ತಿಂಗಳ ರಜೆ, ನಡುನಡುವೆ ಸಣ್ಣ ರಜೆ, ಇಷ್ಟರಲ್ಲಿಯೇ ಅವನ ಗೃಹಸ್ಥಾಶ್ರಮ. ಹೀಗೆ ಏಳೆಂಟು ವರ್ಷ ಕಳೆದವು. ಒಂದು ಸಲ ಅವನು ರಜೆಯ ಮೇಲೆ ಬಂದು ಹತ್ತು ದಿನವಾಗಿದ್ದಾಗ, ಮಗುವು ಅಜ್ಜಿಯ ಸೆರಗು ಹಿಡಿದು, "ಅವರು ಅವರೂರಿಗೆ ಯಾವತ್ತು ಹೋಗ್ತಾರೆ?" ಎಂದು ಕೇಳಿತಂತೆ. ಮರುದಿನ ಬೆಳಿಗ್ಗೆ ಗೌಡರು ಜಗಲಿಗೆ ಬಂದವರು ಕುಳಿತುಕೊಳ್ಳಲಿಲ್ಲ. "ನನ್ ಮಗ ನನ್ ಮನೇಲೇ ನೆಂಟ ಆಗ್ಬಿಟ್ಟ ಮೇಷ್ಟ್ರೇ" ಎಂದಷ್ಟೇ ಹೇಳಿ ಹೊರಟುಹೋದರು. ಮೂವತ್ತು ವರ್ಷ ಮಕ್ಕಳ ತಪ್ಪನ್ನು ತಿದ್ದಿದ ನಮಗೆ ಆ ಮಾತಿಗೆ ಉತ್ತರವು ಹೊಳೆಯಲಿಲ್ಲ.

ಸಿಪಾಯಿಯ ಸಂಸಾರವನ್ನು ಎಲ್ಲಿಡಬೇಕೆಂಬ ಪ್ರಶ್ನೆಯು ಇಂದಿನದಲ್ಲ. ೧೯೦೫ರಲ್ಲಿ ಮೈಸೂರಿನಲ್ಲಿ ಶ್ರೀ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಂಡಿನ ಪಾಳೆಯಕ್ಕೆ 'ಸ್ಕಂಧಾವಾರ' ಎಂದು ಹೆಸರು. ನಾಯಕನೂ ಬಡಗಿಯೂ ಜೋಯಿಸನೂ ಕೂಡಿ ಅದನ್ನು ಅಳೆದು ಬೀದಿಗಳನ್ನು ಹಾಕಬೇಕು. ಅದರೊಳಗೆ ಜಗಳ, ಕುಡಿತ, ಜೂಜುಗಳನ್ನೂ, ಅವುಗಳೊಡನೆ ಗುಂಪುಗೂಡಿ ನಡೆಸುವ ಉತ್ಸವ ವಿನೋದಗಳನ್ನೂ ತಡೆಯಬೇಕು. ಯುದ್ಧದ ದಿನ ಅನ್ನಪಾನಗಳನ್ನು ನೋಡಿಕೊಳ್ಳುವ ಸ್ತ್ರೀಯರು ಸೇನೆಯ ಬೆನ್ನ ಹಿಂದೆ ನಿಂತು ಯೋಧರನ್ನು ಹುರಿದುಂಬಿಸಬೇಕೆಂದು ಹೇಳಿರುವನೇ ಹೊರತು, ಮಿಕ್ಕ ದಿನಗಳಲ್ಲಿ ಯೋಧನ ಹೆಂಡತಿಯು ಎಲ್ಲಿ ಒಲೆ ಹಚ್ಚಬೇಕೆಂಬುದನ್ನು ಆ ಪ್ರಕರಣದಲ್ಲಿ ಹೇಳಿದಂತೆ ನಮಗೆ ಕಂಡುಬಂದಿಲ್ಲ. ಆದರೆ ಬೇರೊಂದೆಡೆ, ಕೆಲಸದಲ್ಲಿದ್ದು ಸತ್ತವನ ಹೆಂಡತಿ ಮಕ್ಕಳಿಗೆ ಅವನ ಅನ್ನವೇತನಗಳು ಸಲ್ಲಬೇಕೆಂದು ವಿಧಿಸಿದ್ದಾನೆ. ಸತ್ತವನ ಸಂಸಾರವನ್ನು ನೆನೆದವನು ಬದುಕಿರುವವನ ಸಂಸಾರವನ್ನು ಮರೆತನೇ ಎಂದು ನಾವು ಒಮ್ಮೊಮ್ಮೆ ಯೋಚಿಸುವುದುಂಟು.

ಬೆಂಗಳೂರಿನ ದಂಡು ಸ್ಥಾಪಿತವಾದದ್ದು ೧೮೦೯ರಲ್ಲಿ. ೧೭೮೦ರಲ್ಲಿ ಹುಟ್ಟಿದ ಮದರಾಸು ಸ್ಯಾಪರುಗಳು ಅಲ್ಲಿಗೆ ಬಂದು ನೆಲೆಸಿದ್ದು ೧೮೩೪ರಲ್ಲಿ. ಆ ಕಾಲದ ದೇಶೀ ಸಿಪಾಯಿಗೆ ಸರಕಾರವು ಮನೆಯನ್ನು ಕಟ್ಟಿಕೊಡುತ್ತಿರಲಿಲ್ಲ. ಗುಡಿಸಲಿಗೆಂದು ಅಲ್ಪಸ್ವಲ್ಪ ಹಣವನ್ನು ಕೊಡುವರು. ಲೈನಿನಲ್ಲಿ ತೋರಿಸಿದ ಜಾಗದಲ್ಲಿ ಅವನೇ ಮಣ್ಣು ಕಲಸಿ ಸೋಗೆ ಹೊದಿಸಿಕೊಳ್ಳಬೇಕು. ಆದರೂ ಮದರಾಸು ಸೈನ್ಯದ ಸಿಪಾಯಿಯು ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟಿರುವವನಲ್ಲ. ದಂಡು ಹೋದೆಡೆಗೆ ಸಂಸಾರವೂ ಹೋಗುತ್ತಲಿದ್ದಿತು. ಅದನ್ನು ಕಂಡು ಮೇಲಿನ ಅಧಿಕಾರಿಗಳು ಗೊಣಗಿದರೆಂದು ಚರಿತ್ರೆಯಲ್ಲಿದೆ. ಅಷ್ಟೇ ಅಲ್ಲದೆ, ಸಿಪಾಯಿಗಳ ಗಂಡು ಮಕ್ಕಳಲ್ಲಿ ಕೆಲವರನ್ನು ದಳದ ಪಟ್ಟಿಯಲ್ಲಿ ಹುಡುಗರೆಂದೇ ಬರೆದುಕೊಂಡು ಸ್ವಲ್ಪ ಸಂಬಳವನ್ನೂ ಕೊಡುತ್ತಿದ್ದರು. ತಂದೆ ಸತ್ತ ಮನೆಗೆ ಆ ಸಂಬಳವೇ ಆಧಾರವಾಗಿತ್ತು.

ಬಿಳಿಯ ಸೋಲ್ಜರನ ಪಾಡು ಇದಕ್ಕಿಂತ ಮೇಲಾಗಿತ್ತೆಂದು ಭಾವಿಸಬೇಡಿರಿ. ನೂರು ಮಂದಿಯಲ್ಲಿ ಕೆಲವರಿಗೆ ಮಾತ್ರ ಮದುವೆಯಾಗಲು ಅಪ್ಪಣೆ. ಅಪ್ಪಣೆ ಪಡೆದವನ ಹೆಂಡತಿಯೂ ಎಷ್ಟೋ ಕಡೆ ಬ್ಯಾರಕಿನ ಮೂಲೆಯಲ್ಲಿ ಒಂದು ಕಂಬಳಿಯನ್ನು ಅಡ್ಡಲಾಗಿ ಕಟ್ಟಿಕೊಂಡು ಬಾಳುವೆ ಮಾಡಬೇಕಾಗಿತ್ತು. ಭಾರತದ ಸೈನ್ಯದ ಆರೋಗ್ಯವನ್ನು ವಿಚಾರಿಸಲು ೧೮೫೯ರಲ್ಲಿ ನೇಮಕವಾದ ರಾಯಲ್ ಆಯೋಗಕ್ಕೆ ಮಿಸ್ ಫ್ಲಾರೆನ್ಸ್ ನೈಟಿಂಗೇಲರು ತಮ್ಮ ಅಭಿಪ್ರಾಯವನ್ನು ಬರೆದುಕೊಟ್ಟರು. ಮಾಡಲು ಏನೂ ಇಲ್ಲದವನಿಗೆ ಹೆಂಡದಂಗಡಿಯೇ ಗತಿಯಾಗುವುದೆಂದೂ, ಓದುವ ಕೋಣೆ, ಆಟದ ಬಯಲು, ಕಸುಬಿನ ಶಾಲೆಗಳನ್ನು ಏರ್ಪಡಿಸಿದರೆ ಆಸ್ಪತ್ರೆಗೆ ಹೋಗುವವರ ಸಂಖ್ಯೆಯೇ ಇಳಿಯುವುದೆಂದೂ ಅವರು ವಾದಿಸಿದರು. ಕೌಟಿಲ್ಯನು ವಿನೋದವನ್ನು ತಡೆದರೆ, ಈ ಮಹಾತಾಯಿಯು ವಿನೋದವನ್ನೇ ಔಷಧವಾಗಿ ಬರೆದುಕೊಟ್ಟಳು. ನಾವು ಶಾಸ್ತ್ರವನ್ನು ಓದಿದವರಾದರೂ ಈ ವಿಷಯದಲ್ಲಿ ಆ ತಾಯಿಯ ಪಕ್ಷ.

ಸ್ವಾತಂತ್ರ್ಯವು ಬಂದ ಮೇಲೆ ಏರ್ಪಟ್ಟ ಸಂಗತಿಗಳನ್ನು ವೇಗವಾಗಿ ಹೇಳಿಬಿಡುವೆವು. ದಂಡಿನ ಮನೆಗಳನ್ನು ಕಟ್ಟಿ ಕಾಪಾಡುವುದು ಮಿಲಿಟರಿ ಎಂಜಿನಿಯರ್ ಸರ್ವೀಸಸ್ ಎಂಬ ಇಲಾಖೆಯ ಕೆಲಸ. ಮನೆಗಳು ಸಾಲದೆ ಬಂದುದರಿಂದ ೨೦೦೨ರಲ್ಲಿ ಮೂರು ಸೇನೆಗಳಿಗೂ ಸೇರಿ ಸುಮಾರು ೨ ಲಕ್ಷ ಸಂಸಾರದ ಮನೆಗಳನ್ನು ನಾಲ್ಕೇ ವರ್ಷಗಳಲ್ಲಿ ಕಟ್ಟುವ ಸಂಕಲ್ಪವಾಯಿತು. ಆ ನಾಲ್ಕು ವರ್ಷವು ಎಷ್ಟೋ ಪಾಲು ಹಿಗ್ಗಿತು. ನಿವೃತ್ತಿಯ ನಂತರ ಸ್ವಂತದ ಮನೆ ಬೇಕೆನ್ನುವವರಿಗಾಗಿ ೧೯೭೮ರಲ್ಲಿ ಸೈನ್ಯದ ಗೃಹನಿರ್ಮಾಣ ಸಂಸ್ಥೆಯು ಹುಟ್ಟಿತು. ಯೋಧರ ಪತ್ನಿಯರ ಕ್ಷೇಮಕ್ಕಾಗಿ ೧೯೬೬ರಲ್ಲಿ 'ಆವಾ' ಎಂದು ಕರೆಯಲ್ಪಡುವ ಸಂಘವು ರೂಪುಗೊಂಡಿತು. ಇದೆಲ್ಲವೂ ಕಾಗದದ ಮೇಲಿನ ಮಾತು. ಕಣ್ಣಿನಿಂದ ಕಂಡುದನ್ನು ಈಗ ಹೇಳುವೆವು.

ಹುಡುಗನು, ಈಗ ಅವನು ಹವಾಲ್ದಾರನು, ಮತ್ತೆ ಬೆಂಗಳೂರಿಗೆ ವರ್ಗವಾಗಿ ಬಂದಾಗ ಗೌಡರು ಯಾರನ್ನೂ ಕೇಳದೆ ಸೊಸೆಯನ್ನೂ ಮೊಮ್ಮಗನನ್ನೂ ಕಳುಹಿಸಿದರು. ಆರು ತಿಂಗಳ ನಂತರ ಅವರೊಡನೆ ನಾವೂ ಹೋದೆವು. ಹೆಬ್ಬಾಗಿಲಿನಲ್ಲಿ ನಮ್ಮ ಗುರುತಿನ ಚೀಟಿಯನ್ನು ನೋಡಿ, ಹೆಸರು ಬರೆದುಕೊಂಡು, ಗೌಡರ ಕೈಚೀಲದಲ್ಲಿದ್ದ ಕೊಬ್ಬರಿಯನ್ನೂ ತಿರುವಿ ನೋಡಿ ಒಳಗೆ ಬಿಟ್ಟರು. ಮನೆ ಸಣ್ಣದು: ಎರಡು ಕೋಣೆ, ಅಡಿಗೆಯ ಮನೆ, ಬಟ್ಟೆ ಒಣಹಾಕಲು ಹಿಂದೊಂದು ಮೊಗಸಾಲೆ. ಗೌಡರು ತಲೆಯೆತ್ತಿ ಅಟ್ಟವನ್ನು ಹುಡುಕಿದರು. ಪಾತ್ರೆಯಿಡುವ ಒಂದು ಹಲಗೆಯ ಹೊರತು ಮತ್ತೇನೂ ಇರಲಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದೆಂದು ಸೊಸೆಯು ಮಾವನವರ ಪಟವನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದ್ದಳು. ಮನೆಗೆ ಬರುವ ದಿನ ಮಂಚ, ಕುರ್ಚಿ, ಪಂಖ, ಕಿಟಕಿಯ ಗಾಜುಗಳನ್ನೆಲ್ಲ ಎಣಿಸಿ ಸಹಿ ಹಾಕಿಸಿಕೊಂಡರೆಂದೂ, ಬಿಡುವ ದಿನ ಒಂದು ಕಡಮೆಯಾದರೂ ಅದರ ಬೆಲೆಯನ್ನು ತೆರಬೇಕೆಂದೂ ಅವಳು ಹೇಳಿದಳು.

ಸಂಜೆ ಐದಕ್ಕೆ ನಾವು ನೋಡಬೇಕಾದುದನ್ನು ನೋಡಿದೆವು. ಬಯಲಿನಲ್ಲಿ ಐವತ್ತು ಅರವತ್ತು ಮಕ್ಕಳು. ಒಂದು ಕಡೆ ಹಾಕಿ, ಒಂದು ಕಡೆ ಓಟ, ಮರದಡಿಯಲ್ಲಿ ಚಿಕ್ಕವರ ಜಾರುಬಂಡೆ. ಹುಡುಗಿಯರ ಬ್ಯಾಸ್ಕೆಟ್‌ಬಾಲಿಗೆ ಕಲಿಸುವವನು ಒಬ್ಬ ನಾಯಕ. ಅವನ ಮಗಳು ಆ ಗುಂಪಿನಲ್ಲಿಯೇ ಇದ್ದಾಳೆಂದು ಮೊದಲು ತಿಳಿಯಲಿಲ್ಲ, ಏಕೆಂದರೆ ಅವಳನ್ನೂ ಮಿಕ್ಕವರಂತೆಯೇ ಗದರುತ್ತಿದ್ದನು. ಗೌಡರ ಮೊಮ್ಮಗನು ಮೊಣಕಾಲು ತರಚಿಕೊಂಡು ಓಡಿ ಬಂದು, ನಮ್ಮನ್ನೂ ಅಜ್ಜನನ್ನೂ ದಾಟಿ, ಬೇಲಿಯ ಹತ್ತಿರ ನಿಂತಿದ್ದ ತಂದೆಗೆ ತೋರಿಸಿದನು. ಗೌಡರು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡರು. ನಾವು ಅವರೊಡನೆ ಏನನ್ನೂ ಮಾತನಾಡಲಿಲ್ಲ.

ಸೊಸೆಯ ವಿಷಯ ಬೇರೆ. ಊರಿನಲ್ಲಿದ್ದಾಗ ಆಕೆಯು ನಮ್ಮೆದುರಿಗೆ ಬಾಗಿಲ ಸಂದಿನಿಂದ ಮಾತನಾಡುವವಳು. ಇಲ್ಲಿ ಎಡಗಡೆಯ ಮನೆಯವಳು ಮಧುರೆಯ ಕಡೆಯವಳು, ಬಲಗಡೆಯವಳು ಆಂಧ್ರದವಳು, ಮೇಲಿನವಳು ಮಲಯಾಳದವಳು. ನಾಲ್ವರೂ ಅರೆಬರೆ ಹಿಂದಿಯಲ್ಲಿ ಸಂಸಾರದ ಕಷ್ಟಸುಖಗಳನ್ನು ಹಂಚಿಕೊಳ್ಳುವರು. ಈ ದಳದವರನ್ನು ಸೈನ್ಯವೆಲ್ಲ 'ತಂಬಿ'ಗಳೆಂದು ಕರೆಯುವುದರಿಂದ, ಮಾಯಸಂದ್ರದ ಒಕ್ಕಲಿನ ಮಗನೂ ಈಗ ತಂಬಿಯೇ. ಹೆಂಗಸರ ಕಲ್ಯಾಣ ಕೇಂದ್ರದಲ್ಲಿ ಹೊಲಿಗೆಯನ್ನು ಕಲಿತ ಆಕೆಯು ಗೌಡರಿಗೊಂದು ಅಂಗಿಯನ್ನು ಹೊಲಿದಿಟ್ಟಿದ್ದಳು. ತೋಳು ಸ್ವಲ್ಪ ಗಿಡ್ಡ. ಗೌಡರು ಅದನ್ನೇ ತೊಟ್ಟು ಊರಿಗೆ ಬಂದರು. ಅಂಗವೈಕಲ್ಯವುಳ್ಳ ಮಕ್ಕಳಿಗೆಂದು ಆ ಸಂಘದವರು ನಡೆಸುವ 'ಆಶಾ' ಎಂಬ ಶಾಲೆಗಳ ವಿಚಾರವನ್ನೂ ಆಕೆಯಿಂದಲೇ ತಿಳಿದೆವು. ಅಂತಹ ಮಗುವಿರುವ ನಮ್ಮ ಹಳ್ಳಿಯ ಮನೆಗಳನ್ನು ನೆನೆದುಕೊಂಡು ನಾವು ಸುಮ್ಮನಾದೆವು.

ವಿದ್ಯೆಯ ವಿಷಯದಲ್ಲಿ ನಮಗೆ ಹೆಚ್ಚಿನ ಕುತೂಹಲವಿದ್ದುದು ಸಹಜವಷ್ಟೆ. ತಂದೆಗೆ ವರ್ಗವಾದಾಗಲೆಲ್ಲ ಮಗುವಿನ ಪಾಠ ಮುರಿಯಬಾರದೆಂದು ೧೯೬೩ರಲ್ಲಿ ಕೇಂದ್ರ ಸರಕಾರದ ಶಾಲೆಗಳು ಹುಟ್ಟಿದವು; ಮೊದಲು ತೆಗೆದುಕೊಂಡದ್ದು ಸೈನ್ಯದ ದಳಗಳು ನಡೆಸುತ್ತಿದ್ದ ೨೦ ಶಾಲೆಗಳನ್ನೇ. ಅವೇ ಇಂದಿನ ಕೇಂದ್ರೀಯ ವಿದ್ಯಾಲಯಗಳು. ಒಂದೇ ಪುಸ್ತಕ, ಒಂದೇ ಕ್ರಮ. ಹುಡುಗನು ಬೆಂಗಳೂರಿನಲ್ಲಿ ಮಡಿಚಿದ ಹಾಳೆಯನ್ನು ಜಮ್ಮುವಿನಲ್ಲಿ ಬಿಚ್ಚಬಹುದು. ೧೯೮೩ರಿಂದ ಸೈನ್ಯದವರದೇ ಆದ ಪಬ್ಲಿಕ್ ಶಾಲೆಗಳೂ ಉಂಟು. ಬೆಂಗಳೂರಿನ ಮಿಲಿಟರಿ ಶಾಲೆಯು ೧೯೪೬ರಲ್ಲಿ ಸಿಪಾಯಿಗಳ ಮಕ್ಕಳಿಗೆಂದು ಆರಂಭವಾದದ್ದು. ಬಿಜಾಪುರದ ಸೈನಿಕ ಶಾಲೆ ೧೯೬೩ರದು, ಕೊಡಗಿನದು ೨೦೦೭ರದು. ಸೈನಿಕ ಶಾಲೆಗಳಿಗೆ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯುಂಟು, ತಂದೆಯು ಸೈನ್ಯದಲ್ಲಿಯೇ ಇರಬೇಕೆಂಬ ನಿಯಮವಿಲ್ಲ, ಹೆಣ್ಣು ಮಕ್ಕಳಿಗೂ ಈಗ ಬಾಗಿಲು ತೆರೆದಿದೆ. ಈ ಮಾತನ್ನು ನಮ್ಮ ತಾಲ್ಲೂಕಿನ ತಂದೆತಾಯಿಗಳು ಗಮನಿಸಬೇಕು. ಹಾಗೆಯೇ ಈ ದಳದಲ್ಲಿ ಹುಡುಗರ ಕ್ರೀಡಾ ಕಂಪನಿಯೊಂದು ಇದೆ. ೮ರಿಂದ ೧೪ ವಯಸ್ಸಿನ ಚುರುಕಾದ ಹುಡುಗರನ್ನು ಪರೀಕ್ಷಿಸಿ ಆರಿಸಿ, ಅಲ್ಲಿಯೇ ಇರಿಸಿಕೊಂಡು, ಓದಿನೊಡನೆ ಆಟದ ಶಿಕ್ಷಣವನ್ನು ಕೊಡುವರು. ಹಳೆಯ ಮದರಾಸು ಸೈನ್ಯದ ಪಟ್ಟಿಯ ಹುಡುಗರೇ ನಮಗೆ ನೆನಪಾದರು. ಆದರೆ ಇವರ ಕೈಯಲ್ಲಿದ್ದುದು ಪುಸ್ತಕ ಮತ್ತು ಚೆಂಡು.

ದೋಷಗಳಿಲ್ಲವೆಂದಲ್ಲ. ಮನೆಯ ಸರದಿಯು ದೀರ್ಘ. ಕಾಯುವಷ್ಟು ದಿನ ಹೊರಗೆ ಬಾಡಿಗೆ ತೆರಬೇಕು, ಬೆಂಗಳೂರಿನ ಬಾಡಿಗೆಯು ಹವಾಲ್ದಾರನ ಸಂಬಳವನ್ನು ಕಂಡು ಕರಗುವಂತಹುದಲ್ಲ. ಸಿಪಾಯಿಯು ಗಡಿಗೆ ಹೋದಾಗ ಅವನ ಸಂಸಾರವು ಇರಲೆಂದು ಬೇರೆ ಮನೆಗಳುಂಟು, ಅವೂ ಬೇಕಾದಷ್ಟಿಲ್ಲ. ನಮಗೆ ಎಲ್ಲಕ್ಕಿಂತ ನಾಟಿದುದು ಬೇರೊಂದು. ಹುಡುಗನಿಗೆ ಹಿಂದಿ ಬಂದಿದೆ, ಇಂಗ್ಲಿಷು ಬಂದಿದೆ, ಸಂಸ್ಕೃತದ ರಾಮಶಬ್ದವನ್ನು ನಮ್ಮೆದುರಿಗೆ ತಪ್ಪಿಲ್ಲದೆ ಹೇಳಿದನು. ಕನ್ನಡದ ಒತ್ತಕ್ಷರವನ್ನು ಬರೆಯಲು ಬಾರದು. ನಮ್ಮ ಬುದ್ಧಿವಾದದಲ್ಲಿ ಸುಳ್ಳಾಗದೆ ಉಳಿದದ್ದು ಇದೊಂದೇ. ಇದನ್ನು ಹಿಡಿದು ಜಂಭ ಪಡುವುದಕ್ಕೆ ನಮಗೆ ಮನಸ್ಸಾಗಲಿಲ್ಲ. ಅಂದಿನಿಂದ ವಾರಕ್ಕೊಂದು ಕಾಗದವನ್ನು ಅವನಿಗೆ ಬರೆಯುತ್ತಿದ್ದೇವೆ. ದೂರವಾಣಿಯಲ್ಲಿ ಉತ್ತರ ಹೇಳಿದರೆ ಒಪ್ಪುವುದಿಲ್ಲವೆಂದು ಕಟ್ಟುಮಾಡಿದ್ದೇವೆ. ಮೊದಲ ಉತ್ತರದಲ್ಲಿ ನಾಲ್ಕು ಸಾಲು, ಹನ್ನೊಂದು ತಪ್ಪು. ಕೆಂಪು ಶಾಯಿಯನ್ನು ಮುಟ್ಟದೆ, ಸರಿಯಾದ ಪದಗಳನ್ನೇ ನಮ್ಮ ಕಾಗದದಲ್ಲಿ ಮತ್ತೆ ಬರುವಂತೆ ಮಾಡಿ ಬರೆದೆವು.

ಬರುವ ವರ್ಷ ಹವಾಲ್ದಾರನು ಮತ್ತೆ ಗಡಿಗೆ ಹೋಗತಕ್ಕದ್ದು. ಸೊಸೆಯು ಊರಿಗೆ ಬರುವುದೋ ಅಲ್ಲಿಯೇ ಬೇರೆ ಮನೆಗೆ ಅರ್ಜಿ ಹಾಕುವುದೋ ಎಂಬ ಮಾತು ಎದ್ದಿತು. ಗೌಡರು ಈ ಸಲ ನಮ್ಮನ್ನು ಕೇಳಿದರು, ಬಹುಶಃ ನಮ್ಮ ಮರ್ಯಾದೆಗಾಗಿ. ಹುಡುಗನ ಶಾಲೆಯನ್ನು ಬಿಡಿಸಬೇಡಿರೆಂದೂ, ಅರ್ಜಿಯನ್ನು ಈಗಲೇ ಹಾಕಿಸಿರೆಂದೂ, ಸಿಕ್ಕದಿದ್ದರೆ ಆಗ ಯೋಚಿಸೋಣವೆಂದೂ ಹೇಳಿದೆವು. ಅರ್ಜಿ ಹೋಗಿದೆ. ಗೌಡತಿಯು ಕಾಯಿ ಕೆಡವಿಸಿ ಅಟ್ಟಕ್ಕೆ ಏರಿಸಿದ ಮೇಲೆ ಎರಡು ತಿಂಗಳು ಹೋಗಿ ಸೊಸೆಯೊಡನೆ ಇರುವುದೆಂದು ನಿಶ್ಚಯವಾಗಿದೆ. ಅಲ್ಲಿ ಮೊಳೆ ಹೊಡೆಯಬಾರದಂತಲ್ಲ, ಮೊರ ಎಲ್ಲಿ ನೇತುಹಾಕುವುದು ಎಂಬುದೊಂದೇ ಈಗ ಆಕೆಯ ಚಿಂತೆ.