ಹತ್ತಿ ಲಾರಿ ಹೊರಡುವ ಮುಂಚೆ ಕಂಪ್ಯೂಟರಿನೊಳಗೆ ಏನು ನಡೆಯುತ್ತದೆ?

ಬೈಲಹೊಂಗಲದ ಜಿನ್ನಿಂಗ್ ಫ್ಯಾಕ್ಟರಿಯಿಂದ ಇಚಲಕರಂಜಿಯ ನೂಲಿನ ಗಿರಣಿಗೆ ಹತ್ತಿ ಅಂಡಿಗೆ ಹೇರಿಕೊಂಡು ಲಾರಿ ಹೊರಡಬೇಕಾದರೆ ಡೀಸೆಲ್ಲು, ಡ್ರೈವರು ಇದ್ದರೆ ಸಾಲದು. 12 ಅಂಕಿಯ ಒಂದು ಸಂಖ್ಯೆಯೂ ಬೇಕು. ಅದೇ ಇ-ವೇ ಬಿಲ್ ನಂಬರು. 50,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಸರಕು ರಾಜ್ಯದ ಗಡಿ ದಾಟುವಾಗ ಈ ನಂಬರಿಲ್ಲದೆ ಲಾರಿ ರಸ್ತೆಗಿಳಿಯುವಂತಿಲ್ಲ. ಕಿತ್ತೂರಿನ ಪಕ್ಕದಲ್ಲೇ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ತೆರಿಗೆ ಅಧಿಕಾರಿಗಳು ಲಾರಿ ತಡೆದರೆ ಮೊದಲು ಕೇಳುವುದು ಇದನ್ನೇ.

ಈ ನಂಬರು ಹುಟ್ಟುವುದು ಸರ್ಕಾರದ ಜಾಲತಾಣದಲ್ಲಿ. ಅದಕ್ಕೆ ಬೇಕಾದ ವಿವರಗಳು ಇರುವುದು ವ್ಯಾಪಾರಿಯ ಲೆಕ್ಕದ ತಂತ್ರಾಂಶದಲ್ಲಿ. ಯಾರು ಮಾರಿದರು, ಯಾರು ಕೊಂಡರು, ಎಷ್ಟು ಅಂಡಿಗೆ, ಏನು ದರ, ಎಷ್ಟು ತೆರಿಗೆ, ಎಲ್ಲವೂ ಅಲ್ಲಿ ಒಮ್ಮೆ ಬರೆದಾಗಿರುತ್ತದೆ. ಆದರೂ ಎಷ್ಟೋ ಅಂಗಡಿಗಳಲ್ಲಿ ಕಾರಕೂನ ಒಂದು ಕಿಟಕಿಯಲ್ಲಿ ಟ್ಯಾಲಿ, ಇನ್ನೊಂದು ಕಿಟಕಿಯಲ್ಲಿ ಇ-ವೇ ಬಿಲ್ ತಾಣ ತೆರೆದಿಟ್ಟು, ಇದನ್ನು ನೋಡಿ ಅದರಲ್ಲಿ ಮತ್ತೆ ಟೈಪ್ ಮಾಡುತ್ತಾನೆ. ಎರಡೂ ಒಂದೇ ಪರದೆಯ ಮೇಲಿವೆ, ನಡುವೆ ಎರಡು ಬೆರಳಿನ ಅಂತರವಿಲ್ಲ. ಇವೆರಡೂ ತಮ್ಮ ತಮ್ಮೊಳಗೇ ಯಾಕೆ ಮಾತಾಡಿಕೊಳ್ಳುವುದಿಲ್ಲ?

ಮಾತಾಡಬಾರದೆಂದು ಬ್ರೌಸರನ್ನು ಬೇಕಂತಲೇ ಹಾಗೆ ಕಟ್ಟಿದ್ದಾರೆ. ಆ ಗೋಡೆ ಯಾಕೆ ಬಂತು, ಅದರಲ್ಲಿ ಬಾಗಿಲು ಎಲ್ಲಿ ಇಟ್ಟರು ಎಂಬುದು ಬರೀ ಸಾಫ್ಟ್‌ವೇರ್ ಕಂಪನಿಯವರಿಗೆ ಬಿಟ್ಟ ವಿಷಯವಲ್ಲ. ನಮ್ಮ ಪೇಟೆಯ ಪ್ರತಿ ಲೆಕ್ಕದ ಮೇಜಿನ ಮೇಲೂ ಅದು ದಿನಾ ನಡೆಯುತ್ತದೆ.

ಈ ಕತೆಯ ಎರಡೂ ತುದಿಗಳು ಕರ್ನಾಟಕದಲ್ಲೇ ಇರುವುದು ವಿಶೇಷ. ಟ್ಯಾಲಿ ಹುಟ್ಟಿದ್ದು 1986ರಲ್ಲಿ ಬೆಂಗಳೂರಿನಲ್ಲಿ. ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ವ್ಯವಹಾರಕ್ಕೆ ತಕ್ಕ ಲೆಕ್ಕದ ತಂತ್ರಾಂಶ ಸಿಗದೆ, ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಬರೆ ಎಂದರು. ಇತ್ತ ಸರಕು ಸಾಗಣೆಗೆ ಆನ್‌ಲೈನಿನಲ್ಲೇ ನಂಬರು ಪಡೆಯುವ ಪದ್ಧತಿಯನ್ನು ನಮ್ಮ ವಾಣಿಜ್ಯ ತೆರಿಗೆ ಇಲಾಖೆ ವ್ಯಾಟ್ ಕಾಲದಲ್ಲೇ ಇ-ಸುಗಮ ಎಂಬ ಹೆಸರಿನಲ್ಲಿ ನಡೆಸಿತ್ತು. ಜಿಎಸ್‌ಟಿ ಬಂದ ಮೇಲೆ 2017ರ ಸೆಪ್ಟೆಂಬರಿನಲ್ಲಿ ಇ-ವೇ ಬಿಲ್ಲನ್ನು ಮೊದಲು ಜಾರಿಗೆ ತಂದದ್ದೂ ಕರ್ನಾಟಕವೇ. ದೇಶಕ್ಕೆಲ್ಲ ಅದನ್ನು 2018ರ ಫೆಬ್ರವರಿ 1ರಂದು ಹಾಕಲು ಹೋದಾಗ ಮೊದಲ ದಿನವೇ ಹೊರೆ ತಾಳದೆ ವ್ಯವಸ್ಥೆ ಕುಸಿಯಿತು. ಏಪ್ರಿಲ್ 1ಕ್ಕೆ ಮುಂದೂಡಬೇಕಾಯಿತು.

ಇನ್ನು ಗೋಡೆಯ ವಿಷಯ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗೆ ಜಾವಾಸ್ಕ್ರಿಪ್ಟ್ ಬಂತು. ಅಲ್ಲಿಯವರೆಗೆ ಸುಮ್ಮನೆ ಓದಿಸಿಕೊಳ್ಳುತ್ತಿದ್ದ ಪುಟ ಆಗ ತಾನೇ ಕೆಲಸ ಮಾಡಲು ಕಲಿಯಿತು. ಕೂಡಲೇ ಒಂದು ಅಪಾಯ ಎದುರಾಯಿತು. ನೀವು ಒಂದು ಕಿಟಕಿಯಲ್ಲಿ ಬ್ಯಾಂಕಿನ ತಾಣಕ್ಕೆ ಲಾಗಿನ್ ಆಗಿದ್ದೀರಿ. ಇನ್ನೊಂದರಲ್ಲಿ ಯಾವುದೋ ಹಾಡು ಇಳಿಸಿಕೊಳ್ಳುವ ತಾಣವಿದೆ. ಆ ಎರಡನೆಯ ಪುಟದೊಳಗಿನ ಪ್ರೋಗ್ರಾಂ ಬ್ಯಾಂಕಿಗೆ ಒಂದು ವಿನಂತಿ ಕಳಿಸಿದರೆ, ನಿಮ್ಮ ಗುರುತಿನ ಕುಕಿಯನ್ನು ಬ್ರೌಸರ್ ತಾನಾಗಿಯೇ ಜೊತೆಗೆ ಕಳಿಸುತ್ತಿತ್ತು. ಬ್ಯಾಂಕು ನೀವೇ ಕೇಳಿದ್ದೀರೆಂದು ತಿಳಿದು ಖಾತೆಯ ವಿವರ ಕೊಟ್ಟುಬಿಡುತ್ತದೆ. ಇದನ್ನು ತಡೆಯಲು ನೆಟ್‌ಸ್ಕೇಪ್ ಒಂದು ನಿಯಮ ಹಾಕಿತು: ಒಂದು ಮೂಲದಿಂದ ಬಂದ ಪುಟ ಇನ್ನೊಂದು ಮೂಲದ ಮಾಹಿತಿಯನ್ನು ಓದುವಂತಿಲ್ಲ. ಮೂಲ ಎಂದರೆ ಮೂರರ ಕೂಟ. ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ, ತಾಣದ ಹೆಸರೇನು, ಪೋರ್ಟ್ ಸಂಖ್ಯೆ ಎಷ್ಟು. ಮೂರರಲ್ಲಿ ಒಂದು ಬೇರೆಯಾದರೂ ಮೂಲ ಬೇರೆ.

ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ಈ ನಿಯಮ ಕಳಿಸುವುದನ್ನು ಪೂರ್ತಿ ತಡೆಯುವುದಿಲ್ಲ, ಓದುವುದನ್ನು ತಡೆಯುತ್ತದೆ. ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಗಳನ್ನು ನೋಡಿ. ಪಕ್ಕದ ಅಂಗಡಿಯವನು ಇಲ್ಲಿಗೆ ಬಂದು ಒಂದು ಚೀಟಿ ಕೊಟ್ಟು ಹೋಗಬಹುದು, ಆದರೆ ಗಾದಿಯ ಮೇಲೆ ಕುಳಿತು ಇಲ್ಲಿಯ ಖಾತೆ ಕಿರ್ದಿ ತಿರುವಿಹಾಕಲಾರ. ಬ್ರೌಸರಿನದೂ ಅದೇ ನಡೆ. ಸರಳ ಬಗೆಯ ವಿನಂತಿ ಹೊರಗಿನ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಉತ್ತರವೂ ಬರುತ್ತದೆ, ಆದರೆ ಕೇಳಿದ ಪುಟದ ಕೈಗೆ ಬ್ರೌಸರ್ ಆ ಉತ್ತರ ಕೊಡುವುದಿಲ್ಲ. ಚೀಟಿ ಕೊಡುವುದರಲ್ಲೇ ಮೋಸ ಮಾಡಬಹುದೆಂದು ಕಳ್ಳರು ಬೇಗ ಕಂಡುಕೊಂಡರು. ಹಣ ವರ್ಗಾಯಿಸು ಎಂಬ ಚೀಟಿ ಹೋದರೆ ಸಾಕಲ್ಲ, ಉತ್ತರ ಯಾರಿಗೆ ಬೇಕು! ಹಾಗಾಗಿ ಕುಕಿಗಳನ್ನು ಹೊರಗಿನ ಪುಟಗಳ ಜೊತೆ ಸುಮ್ಮನೆ ಕಳಿಸದಂತೆ ಕ್ರೋಮ್ 2020ರಲ್ಲಿ ಮತ್ತಷ್ಟು ಬಿಗಿ ಮಾಡಿತು.

ಗೋಡೆ ಕಟ್ಟಿದ ಮೇಲೆ ಕೆಲಸದವರಿಗೂ ಅಡ್ಡಿಯಾಯಿತು. ಒಂದು ತಾಣದ ಪುಟದಲ್ಲಿ ಇನ್ನೊಂದರ ನಕ್ಷೆ, ಮತ್ತೊಂದರ ದರಪಟ್ಟಿ ಬೇಕಾಗುತ್ತದೆ. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಪುಟವನ್ನು ಮತ್ತೆ ತೆರೆಯದೆಯೇ ಹಿನ್ನೆಲೆಯಲ್ಲಿ ಮಾಹಿತಿ ತರಿಸುವ ದಾರಿ ತೋರಿಸಿತ್ತು, ಆದರೆ ಅದೂ ತನ್ನದೇ ಮೂಲದಿಂದ ಮಾತ್ರ. ಹೊರಗಿನ ಪ್ರೋಗ್ರಾಂ ಫೈಲನ್ನು ಪುಟದೊಳಗೆ ಸೇರಿಸಿ ಓಡಿಸಲು ಬ್ರೌಸರ್ ಬಿಡುತ್ತದೆ ಎಂಬ ಕಿಂಡಿಯನ್ನು ಬಳಸಿ 2005ರ ಸುಮಾರಿಗೆ ಜೆಸನ್‌ಪಿ ಎಂಬ ಉಪಾಯ ಹರಡಿತು. ಕೇಳಿದ್ದು ಮಾಹಿತಿ, ಒಳಗೆ ಬಿಟ್ಟುಕೊಂಡದ್ದು ಹೊರಗಿನವರ ಪ್ರೋಗ್ರಾಂ! ಅದು ನೀಟಾದ ದಾರಿಯಲ್ಲ ಎಂದು ಬಳಸುವವರಿಗೂ ಗೊತ್ತಿತ್ತು.

ಸರಿಯಾದ ಬಾಗಿಲಿನ ಹೆಸರು ಕಾರ್ಸ್. ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ 2014ರ ಜನವರಿಯಲ್ಲಿ ಅದನ್ನು ಅಂತಿಮಗೊಳಿಸಿತು. ಬೀಗದ ಕೈ ಇರುವುದು ಕೇಳುವವನ ಹತ್ತಿರವಲ್ಲ, ಕೊಡುವವನ ಹತ್ತಿರ. ವಿನಂತಿ ಸ್ವಲ್ಪ ತೊಡಕಿನದಾದರೆ ಬ್ರೌಸರ್ ಮೊದಲು ಒಂದು ಬರಿಯ ವಿಚಾರಣೆ ಕಳಿಸುತ್ತದೆ: ಇಂಥ ಮೂಲದ ಪುಟ ಹೀಗೆ ಕೇಳಬೇಕೆನ್ನುತ್ತಿದೆ, ಬಿಡಲೇ? ಆ ಮೂಲಕ್ಕೆ ಒಪ್ಪಿಗೆಯಿದೆ ಎಂದು ಸರ್ವರ್ ತನ್ನ ಉತ್ತರದ ತಲೆಬರಹದಲ್ಲಿ ಬರೆದರೆ ಮಾತ್ರ ನಿಜವಾದ ವಿನಂತಿ ಹೊರಡುತ್ತದೆ.

ನಮ್ಮ ಟ್ಯಾಲಿಗೆ ಬರೋಣ. ಅದು ಕಂಪ್ಯೂಟರಿನೊಳಗೇ ಒಂದು ಪುಟ್ಟ ಸರ್ವರ್ ಆಗಿಯೂ ನಿಲ್ಲಬಲ್ಲದು. ಆ ಸೌಲಭ್ಯ ಚಾಲೂ ಮಾಡಿದರೆ ಸಾಮಾನ್ಯವಾಗಿ 9000 ಸಂಖ್ಯೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಎಕ್ಸ್‌ಎಂಎಲ್ ರೂಪದಲ್ಲಿ ಕೇಳಿದರೆ ಲೆಜರು, ವೋಚರು ಕೊಡುತ್ತದೆ. ಅದೇ ಕಂಪ್ಯೂಟರಿನ ಬೇರೆ ತಂತ್ರಾಂಶಗಳಿಗೆ ಇದು ದೊಡ್ಡ ಅನುಕೂಲ. ಆದರೆ ಬ್ರೌಸರಿನಲ್ಲಿ ತೆರೆದ ಹೊರಗಿನ ಪುಟಕ್ಕೆ ಆ 9000 ಬೇರೆಯ ಮೂಲ. ಗೋಡೆ ಅಲ್ಲೂ ಎದ್ದು ನಿಲ್ಲುತ್ತದೆ, ನಿಲ್ಲಲೇಬೇಕು. ಇಲ್ಲದಿದ್ದರೆ ನೀವು ತೆರೆದ ಯಾವುದೋ ಲಾಟರಿ ಜಾಹೀರಾತು ನಿಮ್ಮ ಗಿರಾಕಿಗಳ ಬಾಕಿ ಪಟ್ಟಿಯನ್ನು ಓದಿಕೊಂಡು ಹೋದೀತು. ಈಚೆಗೆ ಕ್ರೋಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹೊರಗಿನ ತಾಣವೊಂದು ನಿಮ್ಮ ಕಂಪ್ಯೂಟರನ್ನೋ ಅಂಗಡಿಯ ಒಳಜಾಲವನ್ನೋ ಮುಟ್ಟಲು ಹೊರಟರೆ ನಿಮ್ಮನ್ನೇ ಅನುಮತಿ ಕೇಳುತ್ತದೆ. ಆ ಪೆಟ್ಟಿಗೆ ಬಂದಾಗ ಓದದೆ ಒಪ್ಪಿಗೆ ಒತ್ತುವವರೇ ಹೆಚ್ಚು.

ಹಾಗಾದರೆ ದೊಡ್ಡ ಕಂಪನಿಗಳು ನೂರಾರು ವೇ ಬಿಲ್ ತೆಗೆಯುವುದು ಹೇಗೆ? ಅವರು ಬ್ರೌಸರಿನ ಗೊಡವೆಗೇ ಹೋಗುವುದಿಲ್ಲ. ಅವರ ಸರ್ವರು ಸರ್ಕಾರದ ಸರ್ವರಿನ ಜೊತೆ ನೇರವಾಗಿ, ಇಲ್ಲವೇ ಜಿಎಸ್‌ಟಿ ಸುವಿಧಾ ಪ್ರೊವೈಡರ್ ಎಂಬ ಅಧಿಕೃತ ಮಧ್ಯವರ್ತಿಗಳ ಮೂಲಕ ಮಾತಾಡುತ್ತದೆ. ಬ್ರೌಸರಿನಲ್ಲೇ ನಡೆಯುವ ಲೆಕ್ಕದ ತಂತ್ರಾಂಶಗಳದ್ದೂ ಒಳಗೊಳಗೆ ಇದೇ ಹಾದಿ. ನೀವು ಗುಂಡಿ ಒತ್ತಿದಾಗ ಪುಟ ತನ್ನ ಕಂಪನಿಯ ಸರ್ವರಿಗೆ ಹೇಳುತ್ತದೆ, ಆ ಸರ್ವರು ಸರ್ಕಾರಕ್ಕೆ ಹೇಳುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಬ್ರೌಸರಿಗೆ ಇಳಿದದ್ದು ಯಾವುದೂ ಗುಟ್ಟಲ್ಲ. ಎಫ್12 ಒತ್ತಿದರೆ ಪುಟದ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ. ಆದ್ದರಿಂದ ರಹಸ್ಯ ಕೀಲಿಗಳನ್ನು ಸರ್ವರಿನಲ್ಲೇ ಇಡಬೇಕು. ಬಿಲ್ಲನ್ನೇ ಸರ್ಕಾರದ ತಾಣದಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಮೊದಲು ಗುರುತು ಹೇಳಿದರೆ ಒಂದು ಟೋಕನ್ ಸಿಗುತ್ತದೆ. ಅದರ ಆಯುಷ್ಯ ಆರು ತಾಸು. ಮುಗಿದ ಮೇಲೆ ಮತ್ತೆ ಗುರುತು ಹೇಳಬೇಕು.

ದಾರಿ ತೆರೆದರೂ ಭಾಷೆ ಒಂದಾಗಿರಬೇಕು. ಈಗ ಹೆಚ್ಚು ಬಳಕೆಯಲ್ಲಿರುವುದು ಜೆಸನ್. 2001ರಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಜೊತೆಗಾರರು ಬಳಕೆಗೆ ತಂದ ಸರಳ ಬರವಣಿಗೆ ಅದು. ಕನ್ನಡದಲ್ಲೇ ಬರೆದರೆ ಹೀಗೆ ಕಾಣುತ್ತದೆ:

{ "ಸರಕು": "ಹತ್ತಿ", "ತೂಕ": 170, "ದಿನಾಂಕ": "03/04/2025" }

ಓದಲು ಸುಲಭ, ತಪ್ಪುವುದಕ್ಕೂ ಸುಲಭ. 170ನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದು ಸಂಖ್ಯೆಯಾಗಿ ಉಳಿಯದೆ ಅಕ್ಷರದ ಸಾಲಾಗುತ್ತದೆ. ಸಂಖ್ಯೆಯನ್ನೇ ಕಾಯುತ್ತಿದ್ದ ಸರ್ವರು ತಿರಸ್ಕರಿಸಬಹುದು. ಈ ದಿನಾಂಕ ನಮಗೆ ಏಪ್ರಿಲ್ 3, ಅಮೆರಿಕದವರ ತಂತ್ರಾಂಶಕ್ಕೆ ಮಾರ್ಚ್ 4. ಒಂದು ಕಡತ ಹೊಸ ಆರ್ಥಿಕ ವರ್ಷದ್ದೋ ಹಳೆಯದ್ದೋ ಎಂಬುದೇ ಬದಲಾಗಿಬಿಡುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಕನ್ನಡ ವಿಳಾಸವನ್ನು ಯೂನಿಕೋಡ್ ಮಾಡದೆ ಕಳಿಸಿದರೆ ಆಚೆ ಬದಿಗೆ ಕಾಣುವುದು ರೋಮನ್ ಅಕ್ಷರಗಳ ಗೊಜ್ಜು. ಊರಿನ ಹೆಸರಿನದು ಬೇರೆ ಪಂಚಾಯ್ತಿ. ಒಬ್ಬರು ಸವದತ್ತಿ ಎಂದು ಬರೆಯುತ್ತಾರೆ, ಇನ್ನೊಬ್ಬರು ಸೌಂದತ್ತಿ ಎನ್ನುತ್ತಾರೆ. ಯಂತ್ರಕ್ಕೆ ಇವೆರಡು ಬೇರೆ ಊರುಗಳು. ಅದಕ್ಕೇ ವೇ ಬಿಲ್ ವ್ಯವಸ್ಥೆ ನೆಚ್ಚಿಕೊಂಡಿರುವುದು ಪಿನ್‌ಕೋಡನ್ನು: ಬೈಲಹೊಂಗಲ 591102, ಕಿತ್ತೂರು 591115, ರಾಮದುರ್ಗ 591123, ಸವದತ್ತಿ 591126. ಎರಡು ಪಿನ್‌ಕೋಡುಗಳಿಂದ ದೂರವನ್ನು ಅದೇ ಲೆಕ್ಕ ಹಾಕುತ್ತದೆ. ಆ ದೂರದ ಮೇಲೆ ಬಿಲ್ಲಿನ ಅವಧಿ ನಿಂತಿದೆ. 2021ರಿಂದ ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನ.

ಎರಡೂ ಬದಿಯವರು ಒಂದೇ ಬರವಣಿಗೆಗೆ ಒಪ್ಪಿಕೊಳ್ಳುವ ಇಂಥ ಒಪ್ಪಂದದ ಅತಿ ಚೆಂದದ ಉದಾಹರಣೆ, ನನ್ನ ದೃಷ್ಟಿಯಲ್ಲಿ, ಇ-ಇನ್‌ವಾಯ್ಸಿನ ಐಆರ್‌ಎನ್. 2023ರ ಆಗಸ್ಟಿನಿಂದ ವರ್ಷಕ್ಕೆ 5 ಕೋಟಿ ಮೀರಿದ ವಹಿವಾಟಿನವರು ಇನ್ನೊಬ್ಬ ವ್ಯಾಪಾರಿಗೆ ಮಾರಿದಾಗ ಇದು ಕಡ್ಡಾಯ. ಮಾರುವವರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ಬಿಲ್ ನಂಬರು ಈ ನಾಲ್ಕನ್ನೂ ಜೋಡಿಸಿ ಎಸ್‌ಎಚ್‌ಎ-256 ಎಂಬ ಗಣಿತದ ಮೂಲಕ ಹಾಯಿಸಿದರೆ 64 ಅಕ್ಷರಗಳ ಗುರುತು ಹುಟ್ಟುತ್ತದೆ. ಬಿಲ್ ನಂಬರಿನ ಒಂದು ಅಂಕಿ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ಅದೇ ಬಿಲ್ಲನ್ನು ಮತ್ತೆ ಕಳಿಸಿದರೆ ಅದೇ 64 ಅಕ್ಷರ ಹುಟ್ಟಿ, ಇದು ಆಗಲೇ ಬಂದಿದೆ ಎಂದು ಸರ್ವರು ವಾಪಸು ಕಳಿಸುತ್ತದೆ. ನೆಟ್‌ವರ್ಕ್ ನಡುವೆ ಕೈಕೊಟ್ಟು ಬಿಲ್ ಹೋಯಿತೋ ಇಲ್ಲವೋ ಎಂದು ಎರಡು ಸಲ ಒತ್ತಿದರೂ ಎರಡು ಬಿಲ್ ಆಗುವುದಿಲ್ಲ. ಮೊತ್ತ ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನು ಗಮನಿಸಿ. ಮೊತ್ತವನ್ನು ಕಾಯುವುದು ಸರ್ಕಾರದ ಡಿಜಿಟಲ್ ಸಹಿ. ಅದು ಕ್ಯೂಆರ್ ಚಿತ್ರದಲ್ಲಿ ಅಡಗಿರುತ್ತದೆ. ಅಧಿಕಾರಿ ಹೆದ್ದಾರಿಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ಆ ಸಹಿಯನ್ನು ಪರೀಕ್ಷಿಸಬಹುದು.

ರೈತರ ಕಡೆಯಲ್ಲೂ ಇಂಥ ಜೋಡಣೆ ನಡೆದಿದೆ. ರಾಜ್ಯದ ಎಪಿಎಂಸಿಗಳ ಆನ್‌ಲೈನ್ ಟೆಂಡರಿಗಾಗಿ 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ಕೇಂದ್ರದ ಇಂಥದೇ ವೇದಿಕೆ ಇ-ನಾಮ್ ಬಂದದ್ದು 2016ರ ಏಪ್ರಿಲ್ 14ರಂದು. ಎರಡೂ ಬೇರೆ ಬೇರೆ ತಂತ್ರಾಂಶಗಳಾದ್ದರಿಂದ ಒಂದರ ಖರೀದಿದಾರ ಇನ್ನೊಂದರ ಮಾಲು ಕೊಳ್ಳುವಂತೆ ಅವನ್ನು ಹೆಣೆಯಲು 2020ರ ಮೇವರೆಗೆ ಕಾಯಬೇಕಾಯಿತು.

ಸಣ್ಣ ವ್ಯಾಪಾರಿಗೆ ನೇರ ಸಂಪರ್ಕ ದುಬಾರಿ ಅನ್ನಿಸಿದರೆ ನಡುವಿನ ಹಾದಿಯೊಂದಿದೆ. ತಂತ್ರಾಂಶದಿಂದಲೋ ಸರ್ಕಾರ ಕೊಡುವ ಎಕ್ಸೆಲ್ ಸಾಧನದಿಂದಲೋ ಜೆಸನ್ ಕಡತ ಮಾಡಿ ತಾಣಕ್ಕೆ ಒಟ್ಟಿಗೆ ಏರಿಸುವುದು. ಕಡತವನ್ನು ಮನುಷ್ಯನೇ ಆರಿಸಿ ಕೊಡುವುದರಿಂದ ಬ್ರೌಸರಿಗೂ ತಕರಾರಿಲ್ಲ, ಎರಡು ಸಲ ಟೈಪ್ ಮಾಡುವ ತಪ್ಪೂ ಇಲ್ಲ. ಇದು ಬಹಳ ಅಂಗಡಿಗಳಿಗೆ ಸಾಕಾಗುವ ಉಪಾಯ ಎಂದೇ ನನ್ನ ಅಭಿಪ್ರಾಯ. ಇದನ್ನು ಬಿಟ್ಟು, ಎಲ್ಲವನ್ನೂ ತಾನೇ ತುಂಬಿಕೊಡುತ್ತೇನೆ ಎನ್ನುವ ಗುರುತಿಲ್ಲದ ಬ್ರೌಸರ್ ಎಕ್ಸ್‌ಟೆನ್ಷನ್ನುಗಳಿಗೆ ಮರುಳಾಗುವವರಿದ್ದಾರೆ. ಎಲ್ಲ ತಾಣಗಳ ಮಾಹಿತಿ ಓದಲು ಮತ್ತು ಬದಲಿಸಲು ಅನುಮತಿ ಪಡೆದ ಎಕ್ಸ್‌ಟೆನ್ಷನ್ ಇಷ್ಟು ಹೊತ್ತು ಹೇಳಿದ ಗೋಡೆಯ ಒಳಗೇ ಇರುತ್ತದೆ. ಬ್ಯಾಂಕಿನ ಪುಟವೂ ಅದಕ್ಕೆ ತೆರೆದ ಪುಸ್ತಕ. ನಿಮ್ಮ ಲೆಕ್ಕದ ಕಂಪ್ಯೂಟರಿನ ಬ್ರೌಸರಿನಲ್ಲಿ ಇಂಥವು ಎಷ್ಟಿವೆ ಎಂದು ಈಗಲೇ ಒಮ್ಮೆ ನೋಡಿ. ಯಾರು ಹಾಕಿದ್ದೆಂದು ಗೊತ್ತಿಲ್ಲದ್ದನ್ನು ತೆಗೆದುಹಾಕಿ, ಆಮೇಲೆ ಜಿಎಸ್‌ಟಿ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ.