ಲಿವರ್ ಮಾತ್ರೆಯೊಳಗಿನ ಮುಳ್ಳುಗಿಡ: ಕೇಪರ್ ಸಾರದಿಂದ ಏನು ಉಪಯೋಗ?

ಮೆಡಿಕಲ್ ಶಾಪ್‌ನಲ್ಲಿ 'ಲಿವರ್‌ಗೆ ಏನಾದ್ರೂ ಕೊಡಿ' ಅಂದರೆ ಬಹಳ ಸಲ ಚೀಟಿ ಕೇಳದೆಯೇ ಕೈಗೆ ಬರುವುದು ಲಿವ್ 52. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಹಿಮಾಲಯ ಕಂಪನಿಯ ಈ ಮಾತ್ರೆ 1955ರಿಂದ ಮಾರಾಟದಲ್ಲಿದೆ. ಅದರ ಪದಾರ್ಥಗಳ ಪಟ್ಟಿಯಲ್ಲಿ 'ಹಿಂಸ್ರಾ' ಎಂಬ ಹೆಸರಿದೆ, ಮಾತ್ರೆಗೆ 65 ಮಿಲಿಗ್ರಾಂ. ಅದೇ ಕೇಪರ್ ಗಿಡ. ಸಸ್ಯಶಾಸ್ತ್ರದಲ್ಲಿ ಕ್ಯಾಪ್ಪರಿಸ್ ಸ್ಪೈನೋಸ.

ಮೆಡಿಟರೇನಿಯನ್ ತೀರದಿಂದ ನಮ್ಮ ಲಡಾಖ್‌ವರೆಗೆ ಕಲ್ಲುಬಂಡೆಗಳ ನಡುವೆ ಬೆಳೆಯುವ ಗಿಡ ಇದು. ಲಡಾಖಿಗಳು 'ಕಬ್ರಾ' ಎಂದು ಕರೆದು ಎಳೆ ಸೊಪ್ಪಿನ ಪಲ್ಯ ಮಾಡುತ್ತಾರೆ. ಯುನಾನಿಯವರು ಬೇರಿನ ತೊಗಟೆ ಬಳಸುತ್ತಾರೆ. ಇಟಲಿಯವರು ಅರಳದ ಮೊಗ್ಗನ್ನೇ ಉಪ್ಪಲ್ಲಿ ಹಾಕಿಡುತ್ತಾರೆ. ಪಿಜ್ಜಾ ಮೇಲೆ ಕಾಣುವ ಹಸಿರು ಮಣಿ ಅದೇ.

ಮೊಗ್ಗಿನಲ್ಲಿ ಕ್ವೆರ್ಸೆಟಿನ್, ರುಟಿನ್ ಎಂಬ ಅಂಶಗಳು ಹೇರಳ. ಉಪ್ಪಿನಲ್ಲಿಟ್ಟ ಕೇಪರ್ ಮೇಲೆ ಬಿಳಿ ಚುಕ್ಕೆ ಕಂಡರೆ ಬೂಸ್ಟು ಅಂತ ಎಸೆಯಬೇಕಿಲ್ಲ, ಅದು ರುಟಿನ್ ಹರಳಾಗಿರಬಹುದು. ಸಾಸಿವೆಯಂಥ ಘಾಟು ಬರುವುದು ಸಾಸಿವೆಯಲ್ಲೂ ಇರುವ ಗಂಧಕದ ಸಂಯುಕ್ತಗಳ ಜಾತಿಯಿಂದಲೇ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗಿಡದ ಸಾರ ಲಿವರ್‌ಗೆ ಆಗುವ ಹಾನಿಯನ್ನು ತಗ್ಗಿಸಿದ್ದು ಕಂಡಿದೆ. ಆದರೆ ಇಲಿಯ ಲಿವರ್ ಬೇರೆ, ವರ್ಷಗಟ್ಟಲೆ ಕುಡಿದ ಮನುಷ್ಯನ ಲಿವರ್ ಬೇರೆ.

ಮನುಷ್ಯರ ಮೇಲಿನ ಫಲಿತಾಂಶ ಒಂದೇ ತೆರನಾಗಿಲ್ಲ. ಶ್ರೀಲಂಕಾದಲ್ಲಿ ಕುಡಿತದಿಂದ ಲಿವರ್ ಕೆಟ್ಟ 80 ಜನರ ಮೇಲೆ ಆರು ತಿಂಗಳು ನಡೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಲಿವ್ 52 ತಿಂದವರಿಗೂ ಖಾಲಿ ಮಾತ್ರೆ ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಇರಾನಿನ 36 ಸಿರೋಸಿಸ್ ರೋಗಿಗಳ ಅಧ್ಯಯನದಲ್ಲಿ ಸುಧಾರಣೆ ಕಂಡಿತ್ತು. ಅಲ್ಲೂ ಒಂದು ಪೇಚಿದೆ: ಮಾತ್ರೆಯಲ್ಲಿ ಕಾಸನಿ, ಕಾಕಮಾಚಿ, ಅರ್ಜುನ ಎಲ್ಲಾ ಸೇರಿರುವಾಗ ಕೇಪರ್ ಪಾಲೆಷ್ಟು ಅಂತ ಹೇಳೋದು ಹೇಗೆ?

ಕೇಪರ್ ಒಂದನ್ನೇ ಸಕ್ಕರೆ ಕಾಯಿಲೆಯಲ್ಲಿ ಪರೀಕ್ಷಿಸಿದ್ದೂ ಇದೆ. ಇರಾನಿನಲ್ಲೇ 54 ಟೈಪ್ 2 ರೋಗಿಗಳಲ್ಲಿ ಕೆಲವರಿಗೆ ಎರಡು ತಿಂಗಳು ಹಣ್ಣಿನ ಸಾರ ಕೊಟ್ಟಾಗ ಉಪವಾಸದ ಶುಗರ್ ಇಳಿಯಿತು. ಸಣ್ಣ ಅಧ್ಯಯನ, ಆದರೂ ಭರವಸೆ ಇದೆ. ಹಾಗಂತ ಶುಗರ್ ಮಾತ್ರೆ ತಗೊಳ್ಳುವವರು ತಾವಾಗೇ ಇದನ್ನೂ ಸೇರಿಸಿಕೊಂಡರೆ ಸಕ್ಕರೆ ವಿಪರೀತ ಇಳಿಯುವ ಅಪಾಯವೂ ಇದೆ. ಬಿಪಿ ಇರುವವರಿಗೆ ಬಾಟಲಿ ಕೇಪರ್‌ನ ಉಪ್ಪೇ ತೊಂದರೆ.

ಇನ್ನು ಹೆಸರಿನ ಗೊಂದಲ. ನಮ್ಮ ಕಡೆ 'ಮುಳ್ಳುಕತ್ತರಿ' ಅಂದರೆ ಒಂದೇ ಗಿಡ ಅಲ್ಲ, ಬೇಲಿ ಸಾಲಿನಲ್ಲಿರುವ ಇದೇ ಕುಲದ ಬೇರೆ ಜಾತಿಗಳಿಗೂ ಅದೇ ಹೆಸರು. ರಾಜಸ್ಥಾನಿ ಅಂಗಡಿಗಳಲ್ಲಿ ಸಿಗುವ ಒಣಗಿದ 'ಕೇರ್' ಕೂಡ ಇದರ ದಾಯಾದಿಯೇ ಹೊರತು ಇದಲ್ಲ. ಬೇಲಿಯ ಬೇರು ಕಿತ್ತು ಕಷಾಯ ಕಾಸುವವರು ಮೇಲಿನ ಅಧ್ಯಯನಗಳನ್ನು ನಂಬಿ ಕುಡಿಯುವಂತಿಲ್ಲ, ಅವು ಆ ಗಿಡದ ಮೇಲೆ ನಡೆದವಲ್ಲ.

ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಹೊಟ್ಟೆ ಊತ, ಮಂಪರು, ರಕ್ತವಾಂತಿ – ಇವುಗಳಲ್ಲಿ ಯಾವುದಿದ್ದರೂ ಕೌಂಟರ್‌ನಲ್ಲಿ ಡಬ್ಬಿ ಕೊಟ್ಟು ಕಳಿಸುವ ಬದಲು ಅಂಗಡಿಯವರು ಆಸ್ಪತ್ರೆಗೇ ಕಳಿಸಬೇಕು. ಲಿವರ್ ಫಂಕ್ಷನ್ ಟೆಸ್ಟ್‌ಗೆ ಒಂದು ಸಿರಿಂಜ್ ರಕ್ತ ಸಾಕು.